ಮೊದಲು ಆಸ್ಪತ್ರೆ, ಆಮೇಲೆ ಮುದ್ದೆ

"ಮಾಮ, ಶಾಸಕಾಂಗವು ಕಾರ್ಯಾಂಗವನ್ನು ಹೇಗೆ ನಿಯಂತ್ರಿಸುತ್ತದೆ? ಐದು ಮಾರ್ಕ್ಸಿಗೆ ಹೇಳು."

ಕಳೆದ ಭಾನುವಾರ ಚಿತ್ರದುರ್ಗದಲ್ಲಿ ತಂಗಿ ಶಾಂತಳ ಮನೆಯೊಳಗೆ ಕಾಲಿಟ್ಟ ಕೂಡಲೇ ನನಗೆ ಸಿಕ್ಕ ಸ್ವಾಗತ ಇದು. ಕೇಳಿದವಳು ಅವಳ ಮಗಳು ಪವಿತ್ರ. ಕಾಲಿಟ್ಟ ಕೂಡಲೇ ಅಂದೆನಲ್ಲ, ಆ ಕಾಲಿಡುವುದೂ ಸುಲಭವಿರಲಿಲ್ಲ. ಯಾರೋ ಕಂಟ್ರಾಕ್ಟರು ಮನೆ ಮುಂದೆ ಚರಂಡಿಗೆಂದು ಅಗೆದು, ಹಾಗೇ ಬಿಟ್ಟು ಹೋಗಿದ್ದಾನೆ. ಬೀದಿಗೂ ಬಾಗಿಲಿಗೂ ನಡುವೆ ಈಗ ಒಂದು ಹಲಗೆಯೇ ಸೇತುವೆ. ಅದರ ಮೇಲೆ ಸರ್ಕಸ್ ಮಾಡಿ ಬಂದವನಿಗೆ ನೀರಿಲ್ಲ, ಕಾಫಿಯಿಲ್ಲ, ನೇರವಾಗಿ ಪ್ರಶ್ನೆಪತ್ರಿಕೆ.

ನಾನಾದರೂ ಬಿಡುವವನೇ? ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಪ್ರಶ್ನೋತ್ತರ ವೇಳೆ, ನಿಲುವಳಿ ಸೂಚನೆ, ಬಜೆಟ್ ಮೇಲಿನ ಚರ್ಚೆ, ಸದನ ಸಮಿತಿಗಳು, ಕೊನೆಗೆ ಅವಿಶ್ವಾಸ ಗೊತ್ತುವಳಿ. ಉಸಿರು ಬಿಡದೆ ಹೇಳಿದೆ. ಅವಳೂ ಉಸಿರು ಬಿಡದೆ ಬರೆದುಕೊಂಡಳು. ಆಮೇಲೆ ಪೆನ್ನಿನ ತುದಿ ಕಚ್ಚುತ್ತಾ ಕೇಳಿದಳು:

"ಇಷ್ಟೆಲ್ಲ ಇದ್ರೆ ಆಫೀಸರ್‌ಗಳು ಹೆದರ್ಕಂಡಿರ್ತಾರಾ ಮಾಮ?"

ನೋಡಿ, ಎಂ.ಎ.ಯ ಯಾವ ಪೇಪರಿನಲ್ಲೂ ಈ ಪ್ರಶ್ನೆ ಬಂದಿರಲಿಲ್ಲ.

"ಒಂದ್ಸಲ ಹೆದರಿದ್ರು," ಅಂದೆ. "ನಿಮ್ಮಜ್ಜಿಗೆ."

ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ನನ್ನ ಚಿಕ್ಕಮ್ಮ ರುದ್ರಮ್ಮ ತಲೆ ಎತ್ತಿದಳು. ಅಮ್ಮನ ತಂಗಿ ಅವಳು. ಚಿಕ್ಕಪ್ಪ ತೀರಿಕೊಂಡ ಮೇಲೆ ಮಗಳು ಶಾಂತಳ ಜೊತೆ ಇದ್ದಾಳೆ.

"ಲೇ ಮೇಷ್ಟ್ರೇ, ನನ್ನ ಹೆಸ್ರು ಯಾಕೆ ತರ್ತೀಯಪ್ಪ ನಡುವೆ?" (ನಾನು ಮೇಷ್ಟರ ಕೆಲಸ ಬಿಟ್ಟು ಪತ್ರಿಕೆಗೆ ಅಂಕಣ ಬರೆಯಲು ಹಿಡಿದು ಯಾವ ಕಾಲವಾಯಿತೋ. ಚಿಕ್ಕಮ್ಮ ಮಾತ್ರ ಇನ್ನೂ ನನ್ನ ರಾಜೀನಾಮೆ ಅಂಗೀಕರಿಸಿಲ್ಲ.)

ಹೆಸರು ತರಲೇಬೇಕು. ಯಾಕೆಂದರೆ ಆ ಐದು ಮಾರ್ಕ್ಸಿನ ಪ್ರಶ್ನೆಗೆ ನಾನು ಕಣ್ಣಾರೆ ಕಂಡ ಒಂದೇ ಉತ್ತರ ಅವಳು. ಕಣ್ಣಾರೆ ಕಂಡೆ ಅಂತಲೇ ಅಂದುಕೊಂಡಿದ್ದೇನೆ. ಈಗೀಗ ನನ್ನ ನೆನಪಿನ ಮೇಲೆ ನನಗೇ ಡೌಟು. ಹಾಗಾಗಿ ಎಲ್ಲಿ ಡೌಟಿದೆಯೋ ಅಲ್ಲಿ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಹೊಸದುರ್ಗದಲ್ಲಿ ಪಾರ್ಟ್‌ಟೈಮ್ ಲೆಕ್ಚರರ್. ಅದಕ್ಕೂ ಮೊದಲು ಹಿರಿಯೂರು, ಆಮೇಲೆ ಇನ್ನೆಲ್ಲೋ. ಒಂದು ಕಡೆ ನಿಂತವನಲ್ಲ ನಾನು. ಚಿಕ್ಕಮ್ಮನ ಮನೆ ಹೊಳಲ್ಕೆರೆ ಕಡೆ, ತಾಳ್ಯದಿಂದ ಆಚೆಗಿನ ಒಂದು ಹಳ್ಳಿಯಲ್ಲಿತ್ತು. ಹೆಸರು ಬೇಡ. ಹೇಳಿದರೆ ನಾಳೆ ಅಲ್ಲಿಂದ ಯಾರಾದರೂ ಬಂದು, "ಜೀಪು ಬಿಳೀದಲ್ಲ, ಹಸಿರು" ಅಂತ ನನ್ನನ್ನು ತಿದ್ದುತ್ತಾರೆ.

ಆ ಊರಿನಲ್ಲಿ ಸರ್ಕಾರ ಒಂದು ಸಣ್ಣ ಆರೋಗ್ಯ ಉಪಕೇಂದ್ರ ಕಟ್ಟಿಸಿತ್ತು. ಊರವರ ಬಾಯಲ್ಲಿ ಅದು 'ಆಸ್ಪತ್ರೆ'. ಗೋಡೆ ಇತ್ತು, ಬಾಗಿಲಿತ್ತು, ಬಾಗಿಲಿಗೆ ಬೀಗವೂ ಇತ್ತು. ಇಲ್ಲದ್ದು ನರ್ಸ್ ಮಾತ್ರ. ಹಿಂದಿನ ಮಳೆಗಾಲದಲ್ಲಿ ಪಕ್ಕದ ಮನೆಯ ಸೊಸೆಯನ್ನು ಹೊಳಲ್ಕೆರೆಗೆ ಟೆಂಪೋದಲ್ಲಿ ಕರೆದೊಯ್ಯುವಾಗ ದಾರಿಯಲ್ಲೇ ಹೆರಿಗೆಯಾಗಿತ್ತು. ಮಗು ಉಳಿಯಲಿಲ್ಲ. ಆ ಟೆಂಪೋದಲ್ಲಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ನಮ್ಮ ಚಿಕ್ಕಮ್ಮ. ವಾಪಸ್ ಬಂದವಳು ಎಷ್ಟೋ ಹೊತ್ತು ಸೀರೆ ಬದಲಿಸದೆ ಜಗಲಿಯ ಮೇಲೆ ಕೂತೇ ಇದ್ದಳಂತೆ. ಆ ವಿಷಯ ಅವಳು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ.

ಈಗ ಮಗಳು ಶಾಂತ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ಹತ್ತಿರವಾಗಿತ್ತು. ಅದೇ ದಾರಿ. ಅದೇ ಟೆಂಪೋ.

ಅಷ್ಟರಲ್ಲಿ ಒಂದು ಒಳ್ಳೆಯದಾಯಿತು. ಆ ಭಾಗದ ಶಾಸಕರು ವಿಧಾನಸಭೆಯಲ್ಲಿ ಬೀಗದ ಆಸ್ಪತ್ರೆಗಳ ಬಗ್ಗೆ ಪ್ರಶ್ನೆ ಕೇಳಿದ್ದರು. ಮಂತ್ರಿಗಳು "ಶೀಘ್ರದಲ್ಲೇ ನರ್ಸ್ ನೇಮಿಸಲಾಗುವುದು" ಅಂದಿದ್ದರು. ಮಂತ್ರಿ ನಮ್ಮ ಊರಿನ ಮೈಕಿನಲ್ಲಿ ಹಾಗಂದರೆ ಅದು ಭಾಷಣ. ಸದನದಲ್ಲಿ ಅಂದರೆ ಭರವಸೆ. ಆ ಭರವಸೆಗಳು ಈಡೇರಿದವೋ ಇಲ್ಲವೋ ಅಂತ ಬೆನ್ನು ಹತ್ತುವುದಕ್ಕೆಂದೇ ಶಾಸಕರ ಒಂದು ಸಮಿತಿ ಇರುತ್ತದೆ. ಆ ಸಮಿತಿ ಖುದ್ದಾಗಿ ಹಳ್ಳಿಗೆ ಬರುತ್ತದೆ ಅಂತ ಸುದ್ದಿ ಬಂತು. ನನಗಂತೂ ರೋಮಾಂಚನ. ಪುಸ್ತಕದಲ್ಲಿ ಓದಿದ್ದು ಜೀಪು ಹತ್ತಿ ಬರುತ್ತಿದೆ! ಚಿಕ್ಕಪ್ಪ ತಿಪ್ಪೇಸ್ವಾಮಿಯವರು ಪಂಚಾಯ್ತಿ ಮೆಂಬರ್. ಇಂಗ್ಲಿಷ್ ಮಾತಾಡುವವನೊಬ್ಬ ಪಕ್ಕದಲ್ಲಿರಲಿ ಅಂತ ನನ್ನನ್ನು ಕರೆಸಿಕೊಂಡರು.

ಸಮಿತಿ ಬರುವ ಮೊದಲು ಸುಣ್ಣ ಬಂತು. ಆಮೇಲೆ ಒಂದು ಹೊಸ ಮಂಚ, ಪ್ಲಾಸ್ಟಿಕ್ ಕವರಿನ ಸಮೇತ. ಸಮಿತಿ ಬರುವ ದಿನ ಬೆಳಿಗ್ಗೆ ಇನ್ನೊಂದು ಜೀಪಿನಲ್ಲಿ ಒಬ್ಬ ನರ್ಸಮ್ಮನೂ ಬಂದರು. ಎಲ್ಲಿಂದಲೋ ಒಂದು ದಿನದ ಮಟ್ಟಿಗೆ ಕರೆತಂದಿದ್ದರು. ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಸೀರೆ. ಯಾರ ಕಣ್ಣನ್ನೂ ನೋಡದೆ ಸೀದಾ ಹೋಗಿ ಉಪಕೇಂದ್ರದ ಕುರ್ಚಿಯ ಮೇಲೆ ಕೂತರು.

ಊರಿಗೆಲ್ಲ ಗೊತ್ತು. ಹಾಗಾದರೆ ಊರು ಹೇಳಬೇಕಿತ್ತಲ್ಲ?

ಇಲ್ಲೇ ಇರುವುದು ಕತೆ. ನಮ್ಮ ಕಡೆ ಒಂದು ನಡವಳಿಕೆ ಇದೆ. ಮನೆಯಲ್ಲಿ ಉಂಡವರ ಜೊತೆ ಅವತ್ತು ಬಿರುಸಾಗಿ ಮಾತಾಡುವುದಿಲ್ಲ. ಉಂಡವರೂ ಉಣ್ಣಿಸಿದವರ ಮುಂದೆ ದನಿ ಎತ್ತುವುದಿಲ್ಲ. ಜಮೀನಿನ ಜಗಳವಾದರೂ ಎಲೆ ಎತ್ತಿದ ಮೇಲೆ ಆವತ್ತಿನ ಮಟ್ಟಿಗೆ ಮುಗಿಯಿತು. ಬೇಕಿದ್ದರೆ ಮಾರನೆಯ ದಿನ ಬಂದು ಬೈದಾಡಬಹುದು. ಎಷ್ಟು ಚಂದದ ನಡವಳಿಕೆ, ಅಲ್ಲವೇ? ಆದರೆ ಸಮಿತಿಗೆ ಮಾರನೆಯ ದಿನ ಇಲ್ಲ. ಅದು ಸಂಜೆಯೊಳಗೆ ಹೊಸದುರ್ಗ ಸೇರಬೇಕು.

ಚಿಕ್ಕಪ್ಪ ಮಾಡಿದ ತಪ್ಪು ಇಷ್ಟೇ. ಹಿಂದಿನ ದಿನ ಬಂದ ಆರೋಗ್ಯ ಇಲಾಖೆಯ ಅಧಿಕಾರಿಯ ಮುಂದೆ ಕೈಮುಗಿದು, "ಬಂದೋರ್ಗೆ ಮೊದ್ಲು ನಮ್ಮನೇಲಿ ಊಟ ಸಾರ್. ಹಸ್ಕಂಡು ಬಂದಿರ್ತಾರೆ," ಅಂದರು. ತಂತ್ರವಿಲ್ಲ, ಕುತಂತ್ರವಿಲ್ಲ, ಬರೀ ಪ್ರೀತಿ. ಅಧಿಕಾರಿಗೆ ಸ್ವರ್ಗವೇ ಇಳಿದು ಬಂದಂತಾಯಿತು. "ಹಂಗೇ ಆಗ್ಲಿ ತಿಪ್ಪೇಸ್ವಾಮಣ್ಣ, ಮೊದ್ಲು ಊಟ, ಆಮೇಲೆ ಸ್ಥಳ ಪರಿಶೀಲನೆ." ಪ್ರೋಗ್ರಾಮ್ ಹಾಗೇ ಫಿಕ್ಸ್ ಆಯಿತು.

ಯೋಚನೆ ಮಾಡಿ. ಪರಿಶೀಲನೆಗೆ ಬರುವವರನ್ನು ಕರೆತರುವ ಜೀಪು ಇಲಾಖೆಯದು. ತಂಗುವ ಐಬಿ ಬಂಗಲೆ ಇಲಾಖೆ ಗೊತ್ತುಮಾಡಿದ್ದು. ಸದನದಲ್ಲಿ ಮಂತ್ರಿ ಓದುವ ಉತ್ತರವನ್ನು ಬರೆದುಕೊಟ್ಟದ್ದೂ ಅದೇ ಇಲಾಖೆ. ಉಳಿದದ್ದು ಊಟ ಒಂದು. ಅದನ್ನು ನಾವೇ ಬಡಿಸಿಬಿಟ್ಟರೆ?

ಜೀಪುಗಳು ಬಂದವು. ಹಾರ ಹಾಕಿದ್ದಾಯಿತು. ಸಮಿತಿಯಲ್ಲಿ ಹಿರಿಯ ಶಾಸಕರೊಬ್ಬರಿದ್ದರು, ಬೇರೆ ಜಿಲ್ಲೆಯವರು. ಪಂಚೆ ಉಟ್ಟಿದ್ದರು ಅಂತ ನನ್ನ ನೆನಪು. (ಶಾಂತ ಒಪ್ಪುವುದಿಲ್ಲ. ಸಫಾರಿ ಅನ್ನುತ್ತಾಳೆ.) ನಾನು ರಾತ್ರಿಯೆಲ್ಲ ತಿದ್ದಿ ತೀಡಿ ಬರೆದ ಮನವಿಯನ್ನು ಅವರ ಕೈಗಿಟ್ಟೆ. ಸಂವಿಧಾನ, ಉತ್ತರದಾಯಿತ್ವ, ಪ್ರಜೆಗಳ ಹಕ್ಕು, ಎಲ್ಲ ಇತ್ತು ಅದರಲ್ಲಿ. ಅವರು ಗೌರವದಿಂದ ತಗೊಂಡರು. ತಗೊಂಡು, ಕೊರಳಿನ ಹಾರ ತೆಗೆಯಬೇಕಿತ್ತಲ್ಲ, ಹಿಂದೆ ನಿಂತವರ ಕೈಗೆ ಕೊಟ್ಟರು. ಹಿಂದೆ ನಿಂತಿದ್ದದ್ದು ಅದೇ ಅಧಿಕಾರಿ. ಯಾರ ಮೇಲೆ ದೂರೋ ಅವರ ಕೈಗೇ ದೂರು! ಅವರು ಅದನ್ನು ಇನ್ನೂ ಹೆಚ್ಚು ಗೌರವದಿಂದ ಮಡಿಚಿ ಫೈಲಿನಲ್ಲಿಟ್ಟುಕೊಂಡರು. ನನ್ನ ಎಂ.ಎ.ಯ ಆಯಸ್ಸು ಅಷ್ಟೇ.

ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಎಲೆ ಹಾಕುವುದೊಂದೇ ಬಾಕಿ. ಚಿಕ್ಕಪ್ಪ "ಕುಂತ್ಕಳ್ರಿ, ಕುಂತ್ಕಳ್ರಿ" ಅನ್ನುತ್ತಿದ್ದಾರೆ. ಆಗ ಅಡುಗೆಮನೆಯ ಬಾಗಿಲಿಗೆ ಚಿಕ್ಕಮ್ಮ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ಸ್ವಾಮಿ, ತಪ್ಪು ತಿಳ್ಕಬ್ಯಾಡ್ರಿ. ಎಸ್ರು ಇನ್ನೂ ಇಟ್ಟಿಲ್ಲ. ಮುದ್ದೆ ತಡ ಆಗ್ತೈತೆ. ಅಷ್ಟೊತ್ತಿಗೆ ನೀವು ಆಸ್ಪತ್ರೆ ನೋಡ್ಕಂಬಂದ್ಬಿಡ್ರಿ."

ಚಿಕ್ಕಪ್ಪನ ಮುಖ ನೋಡಬೇಕಿತ್ತು ನೀವು. ಎಸರು ಅಂದರೆ ಹಿಟ್ಟು ಹಾಕುವ ಮೊದಲು ಕುದಿಸುವ ನೀರು. ಅದನ್ನೇ ಇಟ್ಟಿಲ್ಲ ಅಂದರೆ ಮುದ್ದೆ ಶುರುವೇ ಆಗಿಲ್ಲ ಅಂತ. ಊರ ಮರ್ಯಾದೆ ಬೀದಿಗೆ ಬಂದಂತೆ.

"ಏನೇ ಇದು? ಬೆಳಗಿಂದ ಏನ್ ಮಾಡ್ತಿದ್ದೆ?" ಹಲ್ಲು ಕಚ್ಚಿ ಕೇಳಿದರು.

"ಒಲೆ ಹತ್ತವಲ್ದು. ನಾನೇನ್ ಮಾಡ್ಲಿ?"

ಅಧಿಕಾರಿ ಮುಂದೆ ಬಂದರು. "ಪರವಾಗಿಲ್ಲಮ್ಮ, ಅನ್ನ ಇದ್ರೆ ಅನ್ನಾನೇ ಬಡಿಸಿ. ಸಾಹೇಬ್ರು ಹಸ್ಕಂಡವ್ರೆ."

"ನಮ್ಮನೆಗೆ ಬಂದೋರ್ಗೆ ಮುದ್ದೆ ಇಲ್ದೆ ಬರೀ ಅನ್ನ ಇಕ್ಕಿ ಕಳಿಸ್ಲಾ ಸಾರ್? ನಾಳೆ ನಾನು ಬಾವಿ ಕಟ್ಟೆಗೆ ಹೋಗೋದು ಬ್ಯಾಡ್ವಾ?"

ಹಿರಿಯ ಶಾಸಕರು ಜೋರಾಗಿ ನಕ್ಕರು. "ನಡೀರ್ರಿ ಹೋಗಾಣ. ಇಲ್ಲಿ ಕುಂತ್ರೆ ಸಾರಿನ ವಾಸ್ನೆಗೆ ಇನ್ನೂ ಹಸಿವಾಗ್ತೈತೆ."

ನಡೆದೇ ಹೋದೆವು, ದೂರವೇನಿರಲಿಲ್ಲ. ತಿರುಗಿ ನೋಡಿದರೆ ಚಿಕ್ಕಮ್ಮನೂ ಹಿಂದೆ ಬರುತ್ತಿದ್ದಾಳೆ. ಒಲೆ ಹತ್ತಿಸಬೇಕಾದವಳು!

ಉಪಕೇಂದ್ರ ಸುಣ್ಣದ ವಾಸನೆ ಹೊಡೆಯುತ್ತಿತ್ತು. ನರ್ಸಮ್ಮ ಎದ್ದು ನಿಂತು ನಮಸ್ಕಾರ ಮಾಡಿದರು. ಅಧಿಕಾರಿ ಮಂಚ ತೋರಿಸಿದರು, ಕಿಟಕಿ ತೋರಿಸಿದರು, "ಇವರೇ ನಮ್ಮ ಸಿಸ್ಟರ್ ಸಾರ್" ಅಂತ ನರ್ಸಮ್ಮನನ್ನೂ ತೋರಿಸಿದರು. ಇನ್ನೇನು ಮುಗಿಯಿತು. ಹಿರಿಯರು ಬಾಗಿಲ ಕಡೆ ತಿರುಗಿದವರು, ಬಿಸಿಲಲ್ಲಿ ನಡೆದು ಬಂದಿದ್ದರಲ್ಲ, "ತಾಯಿ, ಕುಡಿಯಕೆ ಒಂಚೂರು ನೀರು ಕೊಡ್ತೀಯಾ?" ಅಂದರು.

ನರ್ಸಮ್ಮ ಗಡಿಬಿಡಿಯಿಂದ ಒಳಗಿನ ಬಾಗಿಲು ತೆಗೆದರು. ಸುಣ್ಣದ ಬಕೆಟ್ಟುಗಳು. ಇನ್ನೊಂದು ಬಾಗಿಲು ತೆಗೆದರು. ಹಳೆಯ ಗೋಣಿಚೀಲಗಳು. ಆಮೇಲೆ ಕೋಣೆಯ ನಡುವೆ ನಿಂತುಬಿಟ್ಟರು. ತಾನು ಕೆಲಸ ಮಾಡುವ ಜಾಗದಲ್ಲಿ ನೀರೆಲ್ಲಿದೆ ಅಂತ ಗೊತ್ತಿಲ್ಲದೆ ಇರುತ್ತದೆಯೇ? ಅವರ ಕಣ್ಣು ತುಂಬಿ ಬಂತು.

"ಹೊಸಬ್ರು ಸಾರ್..." ಅಂದರು ಅಧಿಕಾರಿ.

"ಎಷ್ಟು ಹೊಸಬ್ರು?" ಹಿರಿಯರ ದನಿಯಲ್ಲಿ ಈಗ ನಗು ಇರಲಿಲ್ಲ.

ಚಿಕ್ಕಪ್ಪ ನೆಲ ನೋಡುತ್ತಿದ್ದರು. ನಾನೂ. ಮಾತಾಡಿದ್ದು ಚಿಕ್ಕಮ್ಮ.

"ಇವತ್ತು ಬೆಳಿಗ್ಗೆ ಜೀಪಲ್ಲಿ ಬಂದ್ರು ಸ್ವಾಮಿ. ಆಯಮ್ಮಂದೇನೂ ತಪ್ಪಿಲ್ಲ, ಬಾ ಅಂದ್ರು, ಬಂದವ್ರೆ. ಆಯಮ್ಮನ್ನ ಬೈಬ್ಯಾಡ್ರಿ. ವಾಪಸ್ ಕಳಿಸ್ಬ್ಯಾಡ್ರಿ, ಅಷ್ಟೇ ನಾನು ಕೇಳೋದು. ನನ್ ಮಗಳು ತುಂಬಿದ ಬಸ್ರಿ ಅವಳೆ."

ಅಷ್ಟು ಹೇಳಿ ಹೊರಗೆ ಹೋದಳು. ಎದುರು ಮನೆಯಿಂದ ಒಂದು ಚೊಂಬು ನೀರು ತಂದಳು. ತಂದು ಶಾಸಕರಿಗೆ ಕೊಡಲಿಲ್ಲ, ನರ್ಸಮ್ಮನ ಕೈಗೆ ಕೊಟ್ಟಳು. "ನೀನೇ ಕೊಡವ್ವ," ಅಂದಳು. ನರ್ಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಎರಡೂ ಕೈಯಲ್ಲಿ ಚೊಂಬು ಹಿಡಿದು ಶಾಸಕರಿಗೆ ಕೊಟ್ಟರು.

ಇದೊಂದು ಮಾತ್ರ ನನ್ನ ನೆನಪಿನಲ್ಲಿ ಸ್ಪಷ್ಟವಾಗಿದೆ. ಉಳಿದದ್ದರಲ್ಲಿ ಎಷ್ಟು ನಾನು ಸೇರಿಸಿದ್ದೋ ಏನೋ. ಈ ಚೊಂಬು ಮಾತ್ರ ನಿಜ.

ಹಿರಿಯರು ನೀರು ಕುಡಿದರು. ಸಮಿತಿಯ ಜೊತೆ ಬಂದ ಸಿಬ್ಬಂದಿಯನ್ನು ಕರೆದು, "ಭರವಸೆ ಈಡೇರಿಲ್ಲ ಅಂತ ಬರ್ಕಳ್ರಿ. ಇಲ್ಲೇ, ಈಗ್ಲೇ," ಅಂದರು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ಈಗಾದ್ರೂ ಒಲೆ ಹತ್ತತೈತೇನಮ್ಮ?" ಅಂದರು.

ಹತ್ತಿತು. ಎಂಥ ಊಟ ಅದು! ಹೋಳಿಗೆ ಆಗಲೇ ಆಗಿತ್ತು, ಸಾರು ಆಗಲೇ ಆಗಿತ್ತು. ಮುದ್ದೆ ಕಟ್ಟಲು ಎಷ್ಟು ಹೊತ್ತು? ಅಧಿಕಾರಿಯೂ ಸಾಲಿನಲ್ಲಿ ಕೂತು ಉಂಡರು. ಅವರಿಗೂ ಚಿಕ್ಕಮ್ಮ ಒತ್ತಾಯ ಮಾಡಿ ಇನ್ನೊಂದು ಹೋಳಿಗೆ ಹಾಕಿದಳು. ನರ್ಸಮ್ಮ ಮಾತ್ರ ಊಟಕ್ಕೆ ಬರಲಿಲ್ಲ. ಅವರಿಗೆ ತಟ್ಟೆಯಲ್ಲಿ ಹಾಕಿಕೊಂಡು, ಸೆರಗು ಮುಚ್ಚಿ, ಚಿಕ್ಕಮ್ಮ ತಾನೇ ಉಪಕೇಂದ್ರಕ್ಕೆ ಹೋದಳು. ಅಲ್ಲಿ ಇಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ.

ಆಮೇಲೆ ಏನಾಯಿತು ಅಂತ ಕೇಳುತ್ತೀರಿ. ಸಿನಿಮಾ ಆಗಿದ್ದರೆ ಮಾರನೆಯ ದಿನವೇ ನರ್ಸ್ ಬರುತ್ತಿದ್ದರು. ಬರಲಿಲ್ಲ. ಸಮಿತಿ ವರದಿ ಬರೆಯಬೇಕು, ಸದನದಲ್ಲಿ ಇಡಬೇಕು, ಇಲಾಖೆ ಉತ್ತರ ಕೊಡಬೇಕು. ಹೆರಿಗೆ ನೋವು ಅಷ್ಟು ದಿನ ಕಾಯುತ್ತದೆಯೇ? ಶಾಂತಳನ್ನು ಅದೇ ದಾರಿಯಲ್ಲಿ, ಅದೇ ಟೆಂಪೋದಲ್ಲಿ ಹೊಳಲ್ಕೆರೆಗೆ ಕರೆದೊಯ್ದೆವು. ಆಸ್ಪತ್ರೆಯ ಬಾಗಿಲಲ್ಲಿ ಇಳಿದರೆ ಎದುರಿಗೆ ಬಂದವರು ಅದೇ ನರ್ಸಮ್ಮ! ಚಿಕ್ಕಮ್ಮನನ್ನು ಕಂಡವರೇ ಓಡಿ ಬಂದು ಶಾಂತಳ ಭುಜ ಹಿಡಿದುಕೊಂಡರು. "ನೀವು ಹೊರಗೆ ಕುಂತ್ಕಳ್ರಮ್ಮ. ಇಲ್ಲಿ ಎಲ್ಲೆಲ್ಲಿ ಏನೇನೈತೆ ಅಂತ ನಂಗೊತ್ತು," ಅಂದರು.

ಅವತ್ತು ಹುಟ್ಟಿದವಳೇ ಈಗ ಐದು ಮಾರ್ಕ್ಸಿಗೆ ನನ್ನ ಪ್ರಾಣ ತಿನ್ನುತ್ತಿರುವ ಪವಿತ್ರ.

ಉಪಕೇಂದ್ರಕ್ಕೆ ತಡವಾಗಿಯಾದರೂ ನರ್ಸ್ ಬಂದರು. ಅದೇ ನರ್ಸಮ್ಮ, ವಾರಕ್ಕೆ ಎರಡು ದಿನ. ಸಮಿತಿಯ ಶಿಫಾರಸಿನಿಂದಲೋ, ಅವತ್ತಿನ ತಟ್ಟೆಯಿಂದಲೋ, ನಾನು ಪ್ರಮಾಣ ಮಾಡಲಾರೆ. ಒಂದಷ್ಟು ಹೆರಿಗೆಗಳು ಊರಿನಲ್ಲೇ ಸುಸೂತ್ರವಾಗಿ ಆದವು. ಆಮೇಲೆ ಸರ್ಕಾರ ಬದಲಾಯಿತು, ನರ್ಸಮ್ಮನಿಗೆ ವರ್ಗವಾಯಿತು, ಬೀಗ ವಾಪಸ್ ಬಂತು. ಸಮಿತಿ ವಾಪಸ್ ಬರಲಿಲ್ಲ.

ಸಮಿತಿಗಳು ಯಾಕೆ ವಾಪಸ್ ಬರುವುದಿಲ್ಲ? ಯಾಕೆಂದರೆ ನಮ್ಮ ಶಾಸಕರಿಗೂ ಅಧಿಕಾರಿಗಳಿಗೂ ನಡುವೆ ಎಲೆ ಹಾಕಿಯಾಗಿದೆ. ಇವತ್ತು ಸದನದಲ್ಲಿ ಗುಡುಗುವ ಶಾಸಕ ನಾಳೆ ಅದೇ ಅಧಿಕಾರಿಯ ಹತ್ತಿರ ತನ್ನ ಕಡೆಯವನ ಟ್ರಾನ್ಸ್‌ಫರ್‌ಗೆ ಹೋಗಬೇಕು. ಆಳುವ ಪಕ್ಷದವನಾದರೆ ತನ್ನದೇ ಮಂತ್ರಿಯನ್ನು ಕೇಳಬೇಕು. ಕೇಳಿ ತಾನು ಮಂತ್ರಿಯಾಗುವುದು ಯಾವಾಗ? ವಿರೋಧ ಪಕ್ಷದವರು ಬಾವಿಗಿಳಿದು ಕೂಗುತ್ತಾರೆ, ನಿಜ. (ಸದನದ ಬಾವಿ. ನೀರಿನದ್ದಲ್ಲ.) ಆ ಗದ್ದಲದಲ್ಲಿ ಪ್ರಶ್ನೋತ್ತರ ವೇಳೆಯೇ ಕೊಚ್ಚಿಹೋದರೆ ಅವತ್ತು ಅಧಿಕಾರಿಗಳು ಎಷ್ಟು ನೆಮ್ಮದಿಯಿಂದ ನಿದ್ದೆ ಮಾಡುತ್ತಾರೆ, ಊಹಿಸಿ. ನಿಯಮಗಳು ಎಲ್ಲವೂ ಇವೆ. ನಾನು ಎಂ.ಎ.ಯಲ್ಲಿ ಬಾಯಿಪಾಠ ಮಾಡಿದ್ದೇನೆ. ಇಲ್ಲದ್ದು ಊಟ ಸ್ವಲ್ಪ ತಡವಾದರೂ ಪರವಾಗಿಲ್ಲ ಅನ್ನುವ ಜನ.

ಇಷ್ಟೆಲ್ಲ ಭಾಷಣ ಮಾಡಿ, "ಅವತ್ತು ನಿಮ್ಮಜ್ಜಿ ಬೇಕಂತಲೇ ಎಸರು ಇಡಲಿಲ್ಲ," ಅಂತ ಪವಿತ್ರಳಿಗೆ ಹೇಳಿ ಮುಗಿಸಿದೆ.

"ಬೇಕಂತ ಏನಿಲ್ಲ ಬಿಡಣ್ಣ," ಒಳಗಿನಿಂದ ಶಾಂತಳ ದನಿ. "ಸೌದೆ ಹಸಿ ಇತ್ತು. ಮನೆ ತುಂಬ ಹೊಗೆ. ನಾನು ಹೊಟ್ಟೆ ಹಿಡ್ಕಂಡು ಕೆಮ್ಮಿದ್ದು ಇನ್ನೂ ನೆನಪೈತೆ. ನೀನು ಎಲ್ಲಾನೂ ಕತೆ ಮಾಡ್ತೀಯ."

ಹೊಗೆ ಇತ್ತೇ? ಇಷ್ಟು ವರ್ಷ ಕ್ಲಾಸಿನಲ್ಲಿ, ಅಂಕಣದಲ್ಲಿ, ಗೆಳೆಯರ ಮುಂದೆ ಹೇಳಿಕೊಂಡು ಬಂದ ನನ್ನ ಪ್ರಜಾಪ್ರಭುತ್ವದ ಏಕೈಕ ಗೆಲುವು ಬರೀ ಹಸಿ ಸೌದೆಯೇ?

"ಚಿಕ್ಕಮ್ಮ, ನೀನೇ ಹೇಳು. ಬೇಕಂತ ಮಾಡಿದ್ದೋ, ಒಲೆ ಹತ್ಲಿಲ್ವೋ?"

ಚಿಕ್ಕಮ್ಮ ಒಂದು ಅವರೆಕಾಯಿ ಬಿಡಿಸಿದಳು. ಹುಳ ಇತ್ತು, ಪಕ್ಕಕ್ಕೆ ಹಾಕಿದಳು.

"ಒಲೆ ಹತ್ಲಿಲ್ಲಪ್ಪ. ನಿಂಗೆ ಹ್ಯಂಗೆ ಬೇಕೋ ಹಂಗೆ ಬರ್ಕ."

ಮುಗಿಯಿತು. ಸಾಕ್ಷಿಯೇ ಉಲ್ಟಾ ಹೊಡೆದ ಮೇಲೆ ಕೇಸು ಎಲ್ಲಿ ನಿಲ್ಲುತ್ತದೆ? ಪವಿತ್ರ ಪಾಪ, ಪುಸ್ತಕ ಮುಚ್ಚಿದಳು.

ಅಷ್ಟರಲ್ಲಿ ಹೊರಗೆ ಬೈಕ್ ನಿಂತ ಸದ್ದು. ವಾರ್ಡಿನ ಮೆಂಬರ್ ಮತ್ತು ಅವರ ಹಿಂದೆ ಕೂತು ಬಂದ ನಗರಸಭೆಯ ಇಂಜಿನಿಯರ್. ಇಬ್ಬರೂ ಹಲಗೆಯ ಮೇಲೆ ಕೈ ಅಗಲಿಸಿ, ಪರಸ್ಪರ ಹಿಡಿದುಕೊಂಡು ಹೇಗೋ ದಾಟಿ ಬಂದರು. ಇಂಜಿನಿಯರ್ ಸೋಫಾದ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು. ಮೆಂಬರ್ ನಗುನಗುತ್ತಾ, "ಏನ್ ಅಜ್ಜಿ, ಆರಾಮಾ? ನಿಮ್ಮ ಚರಂಡಿ ಕೆಲ್ಸ ಹೆಚ್ಚೂ ಕಮ್ಮಿ ಮುಗ್ದಂಗೇ ಅಂತ ಕಂಟ್ರಾಕ್ಟರ್ ಹೇಳ್ದ. ಶಾಂತಕ್ಕ, ಮೊದ್ಲು ಒಂದು ಸ್ಟ್ರಾಂಗ್ ಕಾಫಿ ಕೊಡು ತಾಯಿ," ಅಂದರು.

ಶಾಂತ ಏಳುವ ಮೊದಲೇ ಚಿಕ್ಕಮ್ಮ ಮೊರ ಕೆಳಗಿಟ್ಟಳು. ಮಂಡಿ ಹಿಡಿದು ನಿಧಾನ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಕಾಫಿ ಒಂಚೂರು ತಡ ಆಗ್ತೈತಪ್ಪ. ಒಲೆ ಹತ್ತವಲ್ದು. ಅಷ್ಟೊತ್ತಿಗೆ ಇಬ್ರೂ ಕೆಳಗಿಳಿದು ಚರಂಡಿ ನೋಡ್ಕಂಬಂದ್ಬಿಡ್ರಿ."

ಪವಿತ್ರ ನನ್ನ ಮುಖ ನೋಡಿದಳು. ನಾನು ಶಾಂತಳ ಮುಖ ನೋಡಿದೆ. ಶಾಂತ ನೆಲ ನೋಡಿದಳು.

ಅವತ್ತು ಸೌದೆ ಹಸಿಯಾಗಿತ್ತು, ಒಪ್ಪಿಕೊಳ್ಳೋಣ. ಭಾನುವಾರ ಗ್ಯಾಸ್ ಸ್ಟವ್ವಿಗೆ ಏನಾಗಿತ್ತು?